ಗಂಡು ಕೂಸು ಬಸುರಾದ ಪ್ರಸಂಗ

ಸರ್ಕಾರಿ ಅರ್ಜಿ ತುಂಬುವಾಗ ಕೊನೆಯಲ್ಲಿ 'ಇತರೆ' ಅನ್ನುವ ಖಾನೆ ಕಂಡರೆ ನಿಮಗೂ ಹೋದ ಜೀವ ಬಂದಂತಾಗುತ್ತದೆ, ಹೌದು ತಾನೆ? ಎಲ್ಲೂ ಸಲ್ಲದ ನಮ್ಮಂಥವರಿಗೆ ಅದೊಂದೇ ಆಸರೆ. ನಾನಂತೂ ಹುಟ್ಟಾ ಇತರೆ. ಊರು ಗುಡಿಬಂಡೆ ಅಂದರೆ ಬೆಂಗಳೂರಿನವರು, "ಓ, ಚಿಕ್ಕಬಳ್ಳಾಪುರದ ಕಡೆ, ಬೆಟ್ಟದ ಮೇಲೆ ಕೋಟೆ ಇದೆಯಲ್ಲ!" ಎಂದು ನನಗಿಂತ ಮೊದಲೇ ಖುಷಿಪಡುತ್ತಾರೆ. ಅದು ಆ ಗುಡಿಬಂಡೆ. ನಮ್ಮದು ಮಡಕಶಿರಾ ಪಕ್ಕದ್ದು, ಆಂಧ್ರದ್ದು. ಮನೆಯಲ್ಲಿ ಕನ್ನಡ, ರೇಷನ್ ಕಾರ್ಡಿನಲ್ಲಿ ತೆಲುಗು. ಹುಟ್ಟಿದ್ದು ಅನಂತಪುರ ಜಿಲ್ಲೆಯಲ್ಲಿ. 2022ರ ಏಪ್ರಿಲ್ 4ರಂದು ಮನೆಯ ಮಂಚ ಕೂಡ ಕದಲಿಸದೆ ಶ್ರೀ ಸತ್ಯಸಾಯಿ ಜಿಲ್ಲೆಗೆ ಸ್ಥಳಾಂತರವಾದೆವು. ತನ್ನ ವಿಳಾಸವನ್ನೇ ನೆಟ್ಟಗೆ ಬರೆಯಲಾಗದ ಇಂಥ ಆಸಾಮಿಗೆ ವಿಧಿ ಹುಡುಕಿ ಕೊಟ್ಟ ಉದ್ಯೋಗ ಏನು ಗೊತ್ತೇ? ಅಮೆರಿಕದ ಹೆಂಗಸರ ಗರ್ಭಕೋಶದ ಕಾಯಿಲೆಗಳಿಗೆ ಸರಿಯಾದ ನಂಬರು ಹುಡುಕುವುದು.

ಇದಕ್ಕೆ ಮೆಡಿಕಲ್ ಕೋಡಿಂಗ್ ಅನ್ನುತ್ತಾರೆ. ಬಿಎಸ್ಸಿ ಮುಗಿಸಿ ಏನೂ ತೋಚದೆ ಕೂತವರೆಲ್ಲ ಒಂದಲ್ಲ ಒಂದು ದಿನ ಇದರ ಕೋಚಿಂಗ್ ಬೋರ್ಡಿನ ಕೆಳಗೆ ನಿಂತಿರುತ್ತಾರೆ, ನಾನೂ ನಿಂತೆ. ಅಮೆರಿಕದಲ್ಲಿ ಒಬ್ಬಾಕೆ ಹೊಟ್ಟೆನೋವೆಂದು ಡಾಕ್ಟರ ಬಳಿ ಹೋಗುತ್ತಾರೆ, ಡಾಕ್ಟರು ಏನು ಕಂಡರು, ಏನು ಮಾಡಿದರು ಎಂದು ಬರೆಯುತ್ತಾರೆ, ಆ ಬರಹ, ಅಂದರೆ ಚಾರ್ಟು, ರಾತ್ರೋರಾತ್ರಿ ಇಲ್ಲಿಗೆ ಬರುತ್ತದೆ. ನಾವು ಅದನ್ನೋದಿ, ಕಾಯಿಲೆಗೊಂದು ಕೋಡು, ಚಿಕಿತ್ಸೆಗೊಂದು ಕೋಡು ಹಾಕಬೇಕು. ಎರಡೂ ಒಂದಕ್ಕೊಂದು ತಾಳೆಯಾದರೆ ವಿಮಾ ಕಂಪನಿ ದುಡ್ಡು ಕೊಡುತ್ತದೆ. ಆಗದಿದ್ದರೆ ಕ್ಲೇಮು 'ಡಿನೈ' ಆಗಿ, ಯಾರು ಕೋಡು ಹಾಕಿದರೋ ಅವರ ಹೆಸರು ಹುಡುಕಿಕೊಂಡು ವಾಪಸು ಬರುತ್ತದೆ. ನನ್ನ ಹೆಸರು ಅದಕ್ಕೆ ಬೇಗ ಬಾಯಿಪಾಠವಾಯಿತು.

ಇಷ್ಟಕ್ಕೆಲ್ಲ ಮೂಲಪುರುಷ ಜಾಕ್ ಬರ್ಟಿಲಾನ್ ಎಂಬ ಫ್ರೆಂಚ್ ಮಹಾನುಭಾವ. 1893ರಲ್ಲಿ ಷಿಕಾಗೋದಲ್ಲಿ ನಡೆದ ಸಭೆಯೊಂದರ ಮುಂದೆ ಅವನು ಸಾವಿನ ಕಾರಣಗಳದೊಂದು ಪಟ್ಟಿ ಇಟ್ಟ. ಪಾಪ, ಜನ ಯಾಕೆ ಸಾಯುತ್ತಾರೆ ಎಂದು ಎಣಿಸಲು ಮಾಡಿದ್ದು. ಅದು ಬೆಳೆಯುತ್ತ ಬೆಳೆಯುತ್ತ, ಬದುಕಿರುವವರ ಕಾಯಿಲೆಗಳನ್ನೂ ಸೇರಿಸಿಕೊಂಡು, 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕೈಸೇರಿ, ಈಗ ಐಸಿಡಿ ಎಂದು ಕರೆಸಿಕೊಳ್ಳುತ್ತಿದೆ. ಅಮೆರಿಕದವರು 2015ರ ಅಕ್ಟೋಬರ್ 1ರಿಂದ ಬಳಸುತ್ತಿರುವ ಐಸಿಡಿ-10-ಸಿಎಂ ಎಂಬ ರೂಪದಲ್ಲಿ ಸುಮಾರು 70,000 ಕೋಡುಗಳಿವೆ. ಅದಕ್ಕೆ ಹಿಂದಿನದರಲ್ಲಿ ಇದ್ದದ್ದು ಸುಮಾರು 14,000. ಕೋಳಿ ಕುಕ್ಕಿದರೆ ಒಂದು ಕೋಡು, ಹಸು ಹಾಯ್ದರೆ ಒಂದು, ಹಸು ಕಚ್ಚಿದರೆ ಬೇರೆಯದು. ಬೀಗರ ಕಡೆಯವರೊಂದಿಗೆ ಮನಸ್ತಾಪವೇ? ಝಡ್63.1. ನಿಜವಾಗಿಯೂ ಇದೆ, ತೆಗೆದು ನೋಡಿ. ಕೋಡಿಂಗ್ ಪರೀಕ್ಷೆಯಲ್ಲಿ ಈ ಕೋಡುಗಳ ದಪ್ಪ ಪುಸ್ತಕಗಳನ್ನು ಪಕ್ಕದಲ್ಲೇ ತೆರೆದಿಟ್ಟುಕೊಂಡು ಬರೆಯಬಹುದು ಎಂದಾಗ ಆಹಾ ಎಂದುಕೊಂಡಿದ್ದೆ. ಪುಸ್ತಕ ತೆರೆದು ಬರೆಯಲು ಬಿಡುತ್ತಾರೆಂದರೆ ಅದನ್ನು ತೆರೆದೂ ಪ್ರಯೋಜನವಿಲ್ಲ ಎಂದೇ ಅರ್ಥ. ಈ ಸತ್ಯ ನಿಮಗೂ ಯಾವುದಾದರೂ ಪರೀಕ್ಷೆಯ ಹಾಲಿನಲ್ಲಿ ಹೊಳೆದಿರಬೇಕು.

ಹೇಗೋ ಪಾಸಾದೆ. ಕಂಪನಿಯಲ್ಲಿ ಯಾವ ವಿಭಾಗ ಬೇಕು ಎಂದು ಯಾರೂ ಕೇಳಲಿಲ್ಲ, ಗೈನಕಾಲಜಿಗೆ ಹಾಕಿದರು. ನಮ್ಮ ಮನೆಯಲ್ಲಿ ತಿಂಗಳ ಮೂರು ದಿನದ ಮಾತು ಬಂದರೆ ಗಂಡಸರಿಗೆ ಇದ್ದಕ್ಕಿದ್ದಂತೆ ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟುವುದು ನೆನಪಾಗುತ್ತಿತ್ತು. ನನಗೂ ಚಿಕ್ಕಂದಿನಿಂದ ಎದ್ದು ಹೋಗುವುದೇ ಅಭ್ಯಾಸ. ಈಗ ಎದ್ದು ಹೋಗುವ ಹಾಗಿಲ್ಲ, ಹೋದರೆ ಸಂಬಳ ಕಟ್. ಊರಲ್ಲಿ ಹೆಣ್ಣು ಕೊಡುವವರು "ಹುಡುಗ ಏನ್ ಮಾಡ್ತವ್ನೆ?" ಎಂದು ಕೇಳಿದರೆ ಅಮ್ಮ, "ಆಸ್ಪತ್ರೆ ಲೆಕ್ಕ ಬರೀತಾನೆ ಕಣಪ್ಪ" ಎಂದು ಮಾತು ಬದಲಿಸುತ್ತಿದ್ದಳು. ಯಾವ ಆಸ್ಪತ್ರೆ, ಯಾವ ಲೆಕ್ಕ ಎಂದು ಅವಳೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಮೊದಲ ಹೊಡೆತ ಬಿದ್ದದ್ದು ವಿಳಾಸದಲ್ಲೇ. ಹೆಂಗಸರ ಕಾಯಿಲೆಗಳೆಲ್ಲ ಎನ್ ಅಕ್ಷರದ ಅಧ್ಯಾಯದಲ್ಲಿ ಇವೆ ಎಂದು ಯಾರೋ ಹೇಳಿದ್ದನ್ನು ವೇದವಾಕ್ಯ ಮಾಡಿಕೊಂಡು, ಗರ್ಭಕೋಶದ ಗೆಡ್ಡೆಯನ್ನು, ಅಂದರೆ ಫೈಬ್ರಾಯ್ಡನ್ನು, ಎನ್ ಅಧ್ಯಾಯದಲ್ಲಿ ಹುಡುಕಲು ಕೂತೆ. ಎನ್80ರಲ್ಲಿ ಎಂಡೋಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರ ಹೊರಗೆಲ್ಲೋ ಬೆಳೆಯುವುದು, ಸಿಕ್ಕಿತು, ಎನ್81ರಲ್ಲಿ ಗರ್ಭಕೋಶ ಜಾರುವುದು ಸಿಕ್ಕಿತು, ಗೆಡ್ಡೆ ಮಾತ್ರ ನಾಪತ್ತೆ. ಅದು ಹೋಗಿ ಗೆಡ್ಡೆಗಳ ಜಾತಿಯವರ ಜೊತೆ ಡಿ25ರಲ್ಲಿ ಬಿಡಾರ ಹೂಡಿತ್ತು. ಅಲ್ಲೂ ಗೋಡೆಯ ಒಳಪದರದ್ದಕ್ಕೆ ಒಂದು, ಗೋಡೆಯ ನಡುವಿನದಕ್ಕೆ ಒಂದು, ಹೊರಮೈಯದಕ್ಕೆ ಒಂದು ಎಂದು ಮನೆ ಭಾಗವಾಗಿದೆ. ಪಾಠ ಕಲಿತೆನೆಂದುಕೊಂಡು ಮಾರನೆಯ ಚಾರ್ಟಿನ ಪಿಸಿಓಎಸ್ ಅನ್ನೂ ಡಿಯಲ್ಲೇ ಹುಡುಕಿದೆ. ಅದು ಹಾರ್ಮೋನಿನವರ ಕಡೆ, ಇ28.2ರಲ್ಲಿತ್ತು. ಎಲ್ಲಿ ಹೋದರೂ "ಅವ್ರು ಈಗ ಇಲ್ಲಿಲ್ಲ, ಮನೆ ಖಾಲಿ ಮಾಡಿದ್ರು" ಎಂಬ ಉತ್ತರ. ಎಂಡೋಮೆಟ್ರಿಯೋಸಿಸ್ ಒಂದಾದರೂ ಇದ್ದಲ್ಲೇ ಇದೆಯಲ್ಲ ಎಂದು ಅದರ ಪಟ್ಟಿಯನ್ನು ಭಕ್ತಿಯಿಂದ ಉರು ಹೊಡೆದೆ. ಹೊಸ ಕೋಡುಗಳು ಪ್ರತಿ ಅಕ್ಟೋಬರ್ 1ಕ್ಕೆ ಜಾರಿಗೆ ಬರುತ್ತವೆ. 2022ರ ಅಕ್ಟೋಬರಿನಲ್ಲಿ ಅದೇ ಎನ್80 ಪುಟಗಟ್ಟಲೆ ಕವಲೊಡೆಯಿತು: ಯಾವ ಅಂಗ, ಯಾವ ಪಕ್ಕ, ಮೇಲುಮೇಲಿನದೋ ಆಳದ್ದೋ. ಜಿಲ್ಲೆ ಒಡೆದ ವರ್ಷವೇ ಇದೂ ಒಡೆದದ್ದರಿಂದ ನನಗೆ ದೆಹಲಿಯಿಂದ ವಾಷಿಂಗ್ಟನ್ನಿನವರೆಗೆ ಎಲ್ಲರ ಮೇಲೂ ಅನುಮಾನ ಬಂತು.

ಆಮೇಲೆ ಎಡಬಲದ ಕಾಟ. ನಾವು 'ಎಡಬಲ' ಅನ್ನುತ್ತೇವಲ್ಲ, ಆ ಲೆಕ್ಕದಲ್ಲಿ ಎಡ ಒಂದನೆಯದು. ಕೋಡಿನಲ್ಲಿ ಬಲವೇ 1, ಎಡ 2. ಬಲ ಅಂಡಾಶಯದ ನೀರುಗುಳ್ಳೆ ಎನ್83.201, ಎಡದ್ದು ಎನ್83.202. ನಾನು ತಲೆಕೆಳಗು ಮಾಡಿ ಎಷ್ಟೋ ತಾಯಂದಿರ ಅಂಡಾಶಯಗಳನ್ನು ಪಕ್ಕ ಬದಲಾಯಿಸಿದೆ. ಗೊಂದಲವಾದಾಗ ಕುರ್ಚಿಯಿಂದೆದ್ದು, ನನ್ನದೇ ಕಿಬ್ಬೊಟ್ಟೆಯ ಎರಡೂ ಕಡೆ ಕೈಯಿಟ್ಟು, ಇದು ಬಲ, ಇದು ಎಡ ಎಂದು ಒತ್ತಿ ನೋಡಿಕೊಳ್ಳುತ್ತಿದ್ದೆ. ಇದ್ದದ್ದು ಇಲ್ಲದ್ದು ಎಲ್ಲವನ್ನೂ ಒತ್ತಿಕೊಳ್ಳುತ್ತ ನಿಂತ ನನ್ನನ್ನು ಪಕ್ಕದ ಸಾಲಿನ ಹುಡುಗಿಯರು ನೋಡಿ, ಬಹಳ ಸಂಕೋಚದಿಂದ, "ಹುಷಾರಿಲ್ವಾ? ಓಆರ್‌ಎಸ್ ಇದೆ, ಕೊಡ್ಲಾ?" ಎಂದು ಕೇಳಿದರು. ನಮ್ಮ ಕೋಡುಗಳ ತಪ್ಪು ಹಿಡಿಯುವ ಆಡಿಟರ್ ಮೇಡಂ ಒಂದು ಉಪಾಯ ಹೇಳಿಕೊಟ್ಟರು: "ಮದುಮಗಳು ಮನೆಗೆ ಬರುವಾಗ ಯಾವ ಕಾಲು ಮೊದಲು? ಬಲಗಾಲು. ಬಲ ಒಂದು." ಅಬ್ಬಾ, ತಲೆಗೆ ಹತ್ತಿತು! ಹತ್ತಿದ್ದು ಸ್ವಲ್ಪ ಜಾಸ್ತಿಯೇ. ಎರಡೂ ಕಡೆ ಗುಳ್ಳೆ ಇದ್ದ ಚಾರ್ಟು ಬಂದಾಗ, ಬಲ 1, ಎಡ 2, ಹಾಗಾದರೆ ಎರಡೂ ಸೇರಿ 3 ಎಂದು ಧೈರ್ಯವಾಗಿ ಎನ್83.203 ಒತ್ತಿದೆ. ಅಂಥದೊಂದು ಕೋಡು ಈ ಭೂಮಂಡಲದಲ್ಲಿ ಇಲ್ಲ. ಎರಡೂ ಕೋಡನ್ನು ಬೇರೆಬೇರೆ ಬರೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಗೂ ಹೊಳೆಯದ್ದನ್ನು ಗುಡಿಬಂಡೆಯ ಮಣ್ಣಿನ ಮಗ ಸೃಷ್ಟಿಸಿದ್ದ. ಕಂಪ್ಯೂಟರ್ ಕೆಂಪಾಯಿತು. ನಾನೂ.

ಹೆದರಿಕೆ ಹುಟ್ಟಿದ ಮೇಲೆ ಮನುಷ್ಯ ಏನು ಮಾಡುತ್ತಾನೆ? 'ಇತರೆ'ಗೆ ಹೋಗುತ್ತಾನೆ. ಕೋಡುಗಳ ಲೋಕದಲ್ಲಿ ನನಗೆ ಸಿಕ್ಕ ಅಂಥ ಆಸರೆಯ ಹೆಸರು 'ಅನ್‌ಸ್ಪೆಸಿಫೈಡ್', ಸಾಮಾನ್ಯವಾಗಿ 9ರಲ್ಲಿ ಮುಗಿಯುತ್ತದೆ. ಗುಳ್ಳೆಯೇ? ಎನ್83.209, ಪಕ್ಕ ತಿಳಿಯದು. ರಕ್ತಸ್ರಾವವೇ? ಎನ್93.9, ವಿವರ ತಿಳಿಯದು. ಗೆಡ್ಡೆಯೇ? ಡಿ25.9, ಜಾಗ ತಿಳಿಯದು. ಕೆಲವು ದಿನ ಪರಮಸುಖದಲ್ಲಿದ್ದೆ. ಡಾಕ್ಟರು ಎಡ ಅಂಡಾಶಯ, ಇಷ್ಟು ಸೆಂಟಿಮೀಟರ್ ಎಂದು ಅಚ್ಚುಕಟ್ಟಾಗಿ ಬರೆದಿದ್ದ ಚಾರ್ಟಿಗೂ 'ತಿಳಿಯದು' ಹಾಕಿದ್ದು ಹೊರಬಿದ್ದಾಗ ಮೇಡಂ ಕರೆದು, ಮೆಲ್ಲಗೆ, "ಡಾಕ್ಟರಿಗೆ ತಿಳಿದಿದೆ. ಪೇಷೆಂಟಿಗೆ ತಿಳಿದಿದೆ. ಯಾರಿಗೆ ತಿಳಿಯದು ಅಂತ ಬರೆದಿದ್ದೀರಿ?" ಎಂದರು.

ಈ ಅವಮಾನ ತೊಳೆಯಲು ವಿಪರೀತ ನಿಖರನಾದೆ. ಡಾಕ್ಟರು 'ರೂಲ್ ಔಟ್ ಎಕ್ಟೋಪಿಕ್' ಎಂದು ಬರೆದಿದ್ದರು. ಗರ್ಭ ನಾಳದಲ್ಲೇ ನಿಂತಿದೆಯೋ ಏನೋ, ಹಾಗಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು ಅನ್ನುವುದು ಅವರ ಮಾತಿನ ಅರ್ಥ. ನಾನು ಎಕ್ಟೋಪಿಕ್ ಎಂಬ ಪದ ಕಂಡದ್ದೇ ತಡ, ಅದರ ಕೋಡನ್ನೇ ಹಾಕಿದೆ. ಹೊರರೋಗಿಗಳ ವಿಷಯದಲ್ಲಿ ನಿಯಮ ಸ್ಪಷ್ಟ: 'ಇರಬಹುದು', 'ಅನುಮಾನ', 'ನೋಡಬೇಕು' ಎಂದಿದ್ದರೆ ಆ ಕಾಯಿಲೆ ಹಾಕುವ ಹಾಗಿಲ್ಲ, ನೋವಿದ್ದರೆ ನೋವು, ರಕ್ತ ಕಂಡಿದ್ದರೆ ರಕ್ತ, ಕಂಡದ್ದಷ್ಟೇ ಬರೆಯಬೇಕು. ಆಕೆಗೆ ಇದ್ದದ್ದು ಬರೀ ಹೊಟ್ಟೆನೋವು, ಮಾರನೆಯ ದಿನ ಕಡಿಮೆಯೂ ಆಗಿತ್ತು. ನನ್ನ ಕೈಯಲ್ಲಿ ಮಾತ್ರ ಆಕೆಗೆ ಆಪರೇಷನ್ ಆಗುವಷ್ಟಾಗಿತ್ತು. ಅದಾದ ಮೇಲೆ ವರ್ಷಕ್ಕೊಮ್ಮೆಯ ಸಾಮಾನ್ಯ ತಪಾಸಣೆಗೆ ಬಂದ ಇನ್ನೊಬ್ಬರ ಸರದಿ. ಏನೂ ಇಲ್ಲವೆಂದರೆ ಝಡ್01.419, ಏನಾದರೂ ಕಂಡರೆ ಝಡ್01.411. ನಾನು ಇವೆರಡನ್ನೂ ಬಿಟ್ಟು, ಆಕೆ ಮಾತಿನ ನಡುವೆ ಎಂದೋ ಇದ್ದ ನೋವಿನ ಬಗ್ಗೆ ಹೇಳಿದ್ದನ್ನು ಹೆಕ್ಕಿ, ಅದನ್ನೇ ಮೊದಲ ಸಾಲಿಗೆ ಕೂರಿಸಿದೆ. ತಪಾಸಣೆಯಾದರೆ ವಿಮೆಯೇ ಪೂರ್ತಿ ಕೊಡುತ್ತಿತ್ತು. ಕಾಯಿಲೆ ಎಂದದ್ದರಿಂದ ಬಿಲ್ಲು ಆಕೆಯ ಮನೆಗೇ ಹೋಯಿತು. ಸಾವಿರಾರು ಮೈಲಿ ದೂರದಲ್ಲಿ ಯಾರೋ ಒಬ್ಬ ಪುಣ್ಯಾತ್ಗಿತ್ತಿ ಟಪಾಲು ಬಿಚ್ಚಿ ನನಗೆ ಶಾಪ ಹಾಕುತ್ತಿದ್ದಾಗ ಇಲ್ಲಿ ನನಗೆ ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡಿತು.

ಇಷ್ಟಾದರೂ ಸೈರಿಸಿಕೊಂಡರು. ಸೈರಣೆ ಕೆಟ್ಟದ್ದು ಗಂಡು ಕೂಸಿನ ಪ್ರಕರಣದಲ್ಲಿ. ಬಸುರಿ-ಬಾಣಂತಿಯರ ಕೋಡುಗಳೆಲ್ಲ 'ಓ' ಅಕ್ಷರದಿಂದ ಶುರುವಾಗುತ್ತವೆ. ಆ ಓ ಬೇರೆ ಸೊನ್ನೆಯ ಅವಳಿಯಂತೆ ಕೀಬೋರ್ಡಿನಲ್ಲಿ ಪಕ್ಕದಲ್ಲೇ ಕೂತು ಕಣ್ಣು ಮಿಟುಕಿಸುತ್ತದೆ. ಜೊತೆಗೆ ತಿಂಗಳ ಲೆಕ್ಕ: 14 ವಾರದೊಳಗೆ ಮೊದಲ ಭಾಗ, 28ರೊಳಗೆ ಎರಡನೆಯದು, ಆಮೇಲೆ ಮೂರನೆಯದು. ಇವೆಲ್ಲಕ್ಕಿಂತ ಮೇಲೊಂದು ನಿಯಮವಿದೆ: ಈ ಓ ಕೋಡುಗಳು ತಾಯಿಯ ಕಡತಕ್ಕೆ ಮಾತ್ರ, ಕೂಸಿನ ಕಡತಕ್ಕೆ ಎಂದೂ ಇಲ್ಲ. ಕೂಸಿಗೆ ಪಿ ಅಧ್ಯಾಯವೇ ಬೇರೆ. ಅವತ್ತು ಬಂದ ಚಾರ್ಟು ಕೂಸಿನದು. ಅದರೊಳಗೆ, ತಾಯಿಗೆ ಬಸಿರಿನಲ್ಲಿ ಸಕ್ಕರೆ ಕಾಯಿಲೆ ಇತ್ತು ಎಂದು ಒಂದು ಸಾಲು. ನಾನು ಉತ್ಸಾಹದಿಂದ ಓ24 ಹುಡುಕಿ, ಉಪವಿಭಾಗ ಹಿಡಿದು, ಪಥ್ಯದಲ್ಲೇ ಹತೋಟಿಗೆ ಬಂದಿದೆ ಎಂಬುದನ್ನೂ ಗಮನಿಸಿ, ಆರೂ ಅಕ್ಷರ ಸರಿಯಾಗಿ ಒತ್ತಿದೆ: ಓ24.410. ಜೀವನದಲ್ಲಿ ಮೊದಲ ಬಾರಿ ಒಂದಕ್ಷರ ತಪ್ಪಿಲ್ಲದ ಕೋಡು! ಹೀಗೆ, ಹುಟ್ಟಿ ಒಂದು ದಿನ ಕಳೆಯದ ಗಂಡು ಕೂಸು ನನ್ನ ಕೃಪೆಯಿಂದ ಬಸುರಾಯಿತು, ಮೇಲೆ ಅದಕ್ಕೆ ಬಸಿರಿನ ಸಕ್ಕರೆ ಕಾಯಿಲೆ, ಅದೂ ಪಥ್ಯದಲ್ಲಿ. ಸುದ್ದಿ ಮೂರು ಮಹಡಿ ಹತ್ತಿಳಿಯಿತು. ಕ್ಯಾಂಟೀನಿನಲ್ಲಿ ಯಾರೋ, "ಸೀಮಂತ ಯಾವಾಗ?" ಎಂದರು. ನಾನೂ ನಕ್ಕೆ, ನಗದೆ ಏನು ಮಾಡಲಿ. ಮೇಡಂ ನಗಲಿಲ್ಲ. "ಸ್ವಲ್ಪ ದಿನ ಊರಿಂದ ಕೆಲಸ ಮಾಡಿ. ಶಾಂತವಾಗಿ ಚಾರ್ಟು ಪೂರ್ತಿ ಓದಿ" ಎಂದು ಲ್ಯಾಪ್‌ಟಾಪ್ ಕೊಟ್ಟು ಕಳಿಸಿದರು.

ಊರಿನ ಶಾಂತಿ ನಿಮಗೆ ಗೊತ್ತಲ್ಲ. ಮನೆಯೊಳಗೆ ನೆಟ್‌ವರ್ಕ್ ಇಲ್ಲ. ನೀರಿನ ಟ್ಯಾಂಕಿನ ಪಕ್ಕ, ತಾರಸಿಯ ಮೂಲೆಯಲ್ಲಿ, ಸಿರಾ ಕಡೆಗೆ ಮುಖ ಮಾಡಿ ನಿಂತರೆ ಎರಡು ಗೆರೆ ಬರುತ್ತದೆ. ಕರ್ನಾಟಕದ ಟವರಿನದೋ ಆಂಧ್ರದ್ದೋ ನನಗೆ ಇವತ್ತಿಗೂ ತಿಳಿಯದು. ಒಂದು ಸಂಜೆ ಮೇಡಂ ಫೋನು. ನಾನು ಕಳಿಸಿದ ಚಾರ್ಟೊಂದು ವಾಪಸು ಬಂದಿತ್ತು. ಅವರ ದನಿ ಕತ್ತರಿಸಿ ಕತ್ತರಿಸಿ ಬರುತ್ತಿತ್ತು, ಅವರಿಗೂ ನನ್ನದು ಕೇಳುತ್ತಿಲ್ಲವೆಂದು ನಾನು ಟ್ಯಾಂಕಿನ ಮೇಲೆ ಒಂದು ಕಾಲಿಟ್ಟು ಕೂಗತೊಡಗಿದೆ. ಪೇಷೆಂಟಿನ ಹೆಸರು ಎಲ್ಲೂ ಬಾಯಿಬಿಡಬಾರದು ಅನ್ನುವುದು ನಮ್ಮ ಉದ್ಯೋಗದ ಮೊದಲ ವ್ರತ. ಆ ಒಂದು ವ್ರತವನ್ನು ನಾನು ಶ್ರದ್ಧೆಯಿಂದ ಪಾಲಿಸಿದ್ದೇ ಮುಳುವಾಯಿತು.

"ಹೌದು ಮೇಡಂ, ಬ್ಲೀಡಿಂಗೇ! ಮೂರು ತಿಂಗಳಾಯ್ತು! ಇಲ್ಲ, ಗರ್ಭಕೋಶ ಇನ್ನೂ ತೆಗೆದಿಲ್ಲ! ವಯಸ್ಸಾ? ಐವತ್ತೆಂಟು ಮೇಡಂ, ಐ-ವ-ತ್ತೆಂ-ಟು! ಎಲ್ಲಾ ನಂದೇ ತಪ್ಪು, ನಾನೇ ಸರಿಯಾಗಿ ನೋಡ್ಲಿಲ್ಲ!"

ಲೈನು ಕಟ್ಟಾಯಿತು. ಕೊನೆಗೆ ಕೇಳಿಸಿದ್ದು "ಹಿಸ್ಟರಿ ಓದಿ" ಅಷ್ಟೇ. ಕೆಳಗೆ ನೋಡಿದರೆ ಬೀದಿ ಸ್ತಬ್ಧ. ನಮ್ಮ ಬೀದಿಗೆ ಗೊತ್ತಿದ್ದ ಹಾಗೆ ನಮ್ಮ ಮನೆಯಲ್ಲಿ ಆ ವಯಸ್ಸಿನ ಹೆಂಗಸು ಒಬ್ಬಳೇ.

ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಅಂಗಳ ತುಂಬಿತ್ತು. ಒಬ್ಬರು ಎಳನೀರು ತಂದಿದ್ದರು, ಇನ್ನೊಬ್ಬರು ಅಶೋಕದ ಚಕ್ಕೆಯ ಕಷಾಯ ಕಾಯಿಸಲು ಒಲೆ ಹುಡುಕುತ್ತಿದ್ದರು. ಆಟೋದವನು ಮುಖ ಮಡಕಶಿರಾ ಕಡೆ ತಿರುಗಿಸಿ, ಇಂಜಿನ್ ಆಫ್ ಮಾಡದೆ, ಕನ್ನಡದಲ್ಲೊಮ್ಮೆ ತೆಲುಗಿನಲ್ಲೊಮ್ಮೆ ಅವಸರ ಮಾಡುತ್ತಿದ್ದ. ಹುಣಸೆಹಣ್ಣು ಕುಟ್ಟುತ್ತಿದ್ದ ಅಮ್ಮ ಕೈಯಲ್ಲಿ ಕೊಡತಿ ಹಿಡಿದೇ ಬಂದು, ತನಗೇನಾಗಿದೆ ಎಂದು ಎಲ್ಲರನ್ನೂ ಕೇಳುತ್ತಿದ್ದಳು. ಯಾರೂ ಹೇಳಲೊಲ್ಲರು. ನನ್ನ ದೊಡ್ಡಮ್ಮ ಮಾತ್ರ ನೆಟ್ಟಗೆ ನನ್ನ ಮುಂದೆ ಬಂದು ನಿಂತಳು.

"ಅಲ್ಲ ಕಣ್ ಮಗ, ಮೂರು ತಿಂಗ್ಳಿಂದ ಇಟ್ಕಂಡು ಕೂತಿದ್ದೀಯಲ್ಲ. ಅದಕ್ ಮುಂಚೆ ನಿಂತು ಎಷ್ಟು ವರ್ಷ ಆಗಿತ್ತು?"

"ದೊಡ್ಡಮ್ಮ, ಇದು ಅಮ್ಮಂದಲ್ಲ. ಅಮೆರಿಕದ..."

"ಯಾರ್ದಾದ್ರೂ ಆಗ್ಲಿ. ನಿಂತಿತ್ತೋ, ನಿಂತಿರ್ಲಿಲ್ವೋ? ನಿಲ್ದಿದ್ರೆ ಒಂದು ಲೆಕ್ಕ. ಪೂರ್ತಾ ನಿಂತ್‌ಹೋಗಿ ಮತ್ತೆ ಕಂಡ್ರೆ ಒಂದಿನಾನೂ ಕಾಯಬಾರ್ದು, ಡಾಕ್ಟ್ರುಗೆ ತೋರಿಸ್ಬೇಕು."

ನನಗೆ ತಟ್ಟನೆ ಏನೋ ಆಯಿತು. ಮತ್ತೆ ತಾರಸಿಗೆ ಓಡಿದೆ. ಆ ಚಾರ್ಟಿಗೆ ನಾನು ಹಾಕಿದ್ದು ಎನ್92.1, ಅಂದರೆ ಲಯ ತಪ್ಪಿದ ಮುಟ್ಟಿನ ಅತಿಸ್ರಾವ. ಮೇಲಿನ ಸಾಲಿನಲ್ಲಿ, ಹಿಸ್ಟರಿಯಲ್ಲೇ, ಡಾಕ್ಟರು 'ಪೋಸ್ಟ್‌ಮೆನೋಪಾಸಲ್' ಎಂದು ಬರೆದಿದ್ದರು. ಒಂದು ವರ್ಷ ಪೂರ್ತಿ ಮುಟ್ಟು ಕಾಣದಿದ್ದರೆ ನಿಂತಿತೆಂದು ಅವರ ಲೆಕ್ಕ; ಆಮೇಲಿನದಕ್ಕೆ ಮುಟ್ಟಿನ ಕೋಡು ಹಾಕುವಂತಿಲ್ಲ. ಎನ್95.0. ನಿಂತ ಮೇಲೆ ಕಂಡ ರಕ್ತ. ಇದು ಕಂಡರೆ ಡಾಕ್ಟರು ಮೊದಲು ನೋಡುವುದು ಕ್ಯಾನ್ಸರ್ ಇರಬಹುದೇ ಎಂದು. ಎಪ್ಪತ್ತು ಸಾವಿರ ಕೋಡಿನ ಪುಸ್ತಕ, ಪರೀಕ್ಷೆ, ಕೋಚಿಂಗಿಗೆ ಅಮ್ಮ ಮಾರಿದ ರೇಷ್ಮೆಗೂಡಿನ ದುಡ್ಡು ಎಲ್ಲ ಸೇರಿ ನನಗೆ ಹೇಳಿಕೊಡದ್ದನ್ನು ದೊಡ್ಡಮ್ಮ ಎಲೆಯಡಿಕೆ ಜಗಿಯುತ್ತ ಹೇಳಿದ್ದಳು. ಕೋಡು ತಿದ್ದಿ ಕಳಿಸಿದೆ. ಮೇಡಮ್ಮಿನಿಂದ ಹೆಬ್ಬೆಟ್ಟಿನ ಗುರುತು ಬಂತು, ನನ್ನ ಉದ್ಯೋಗಪರ್ವದ ಮೊದಲ ಹೆಬ್ಬೆಟ್ಟು. ಕೆಳಗಿಳಿದು ದೊಡ್ಡಮ್ಮನ ಕಾಲಿಗೆ ಬಿದ್ದೆ. ಅದನ್ನು ನೋಡಿದ ಅಂಗಳ, ಕಾಯಿಲೆ ಕೈಮೀರಿದೆ ಎಂದು ತೀರ್ಮಾನಿಸಿ ಜೋರಾಗಿ ಅಳತೊಡಗಿತು.

ಮಡಕಶಿರಾಕ್ಕೆ ಹೋಗದೆ ಗತಿಯಿರಲಿಲ್ಲ. ಆಟೋದಲ್ಲಿ ಅಮ್ಮ, ದೊಡ್ಡಮ್ಮ, ಎಳನೀರಿನವರು, ಡ್ರೈವರನ ಪಕ್ಕದಲ್ಲಿ ಅರ್ಧ ಹೊರಗೆ ನಾನು. ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು "ಏನು ತೊಂದರೆ?" ಎಂದರು. ಅಮ್ಮ, "ನಂಗೇನೂ ಇಲ್ಲ ಕಣಮ್ಮ, ಚೆನ್ನಾಗಿವ್ನಿ. ಇವರೆಲ್ಲಾ ಹೆದರ್‌ಕೊಂಡವ್ರೆ" ಎಂದಳು. ನನ್ನ ಕಣ್ಣರಳಿತು. ಅದಕ್ಕೂ ಕೋಡಿದೆ! ಝಡ್71.1: ಕಾಯಿಲೆಯ ಭಯದಿಂದ ಬಂದು, ಕಾಯಿಲೆ ಇಲ್ಲವೆಂದು ತಿಳಿದವರು. ಅದನ್ನು ಹೇಳಲು ಬಾಯಿ ತೆರೆದೆ. ಅಮ್ಮ ನನ್ನ ಕಡೆ ಒಮ್ಮೆ ನೋಡಿ, ಚೀಟಿಯವರಿಗೆ, "ಬಂದಿದ್ದಕ್ಕೆ ಇವನ್ದೇ ಒಂದು ಚೀಟಿ ಮಾಡ್ಬುಡಿ. ರಾತ್ರಿಯೆಲ್ಲಾ ನಿದ್ದೆಲಿ ಎಡಾ ಬಲಾ ಅಂತ ಒದರ್ತಾನೆ" ಎಂದಳು.

ನರ್ಸು ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ಜಾಸ್ತಿ ಇತ್ತು. ಒಳಗೊಳಗೇ ನನಗೆ ಆನಂದ. ರಕ್ತದೊತ್ತಡದ ಕೋಡು ಐ10, ಮೂರೇ ಅಕ್ಷರ. ಅದಕ್ಕೆ ಎಡವಿಲ್ಲ, ಬಲವಿಲ್ಲ, ನಿಂತದ್ದಿಲ್ಲ, ನಿಲ್ಲದ್ದಿಲ್ಲ. ಕೊನೆಗೂ ನನ್ನ ಯೋಗ್ಯತೆಗೆ ತಕ್ಕ ಕಾಯಿಲೆ. ಡಾಕ್ಟರು ಕರೆಯುವ ಮೊದಲೇ ಮೇಡಮ್ಮಿಗೆ ಮೆಸೇಜು ಹಾಕಿದೆ: 'ಐ10. ಎರಡು ದಿನ ರಜೆ ಬೇಕು.'

ಡಾಕ್ಟರು ಚೀಟಿ ನೋಡಿ, "ಒಂದ್ಸಲ ಜಾಸ್ತಿ ಬಂದ ಮಾತ್ರಕ್ಕೆ ಬಿಪಿ ಕಾಯಿಲೆ ಅನ್ನೋಕಾಗಲ್ಲ. ಉಪ್ಪು ಕಡಿಮೆ ಮಾಡಿ, ನಿದ್ದೆ ಮಾಡಿ, ಮುಂದಿನ ವಾರ ಬನ್ನಿ, ಮತ್ತೆ ನೋಡೋಣ" ಎಂದರು.

ಅಷ್ಟರಲ್ಲಿ ಫೋನು ಕುಯ್ಯೆಂದಿತು. "ಡಾಕ್ಟರು ಏನಂದ್ರು?" ಎಂದು ಕೇಳಿದ್ದರು ಮೇಡಂ. ಸತ್ಯ ಬರೆದೆ. ಕ್ಷಣದಲ್ಲಿ ಉತ್ತರ ಬಂತು: 'ಹಾಗಾದ್ರೆ ಆರ್03.0, ಕಾಯಿಲೆ ಇನ್ನೂ ಖಚಿತವಾಗಿಲ್ಲ. ರಜೆ ಡಿನೈಡ್.'